ಗೋಡೌನಿನಲ್ಲಿ ಉಂಟು

ಜೆಪ್ಪುವಿನ ಪಿಯುಸ್ ಪೊರ್ಬುಗಳು ಇಪ್ಪತ್ತಾರು ವರ್ಷ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತಿಕೆ ಮಾಡಿದವರು. ಅಷ್ಟು ವರ್ಷಗಳಲ್ಲಿ ಯಾರಿಗೂ ಒಂದು ಬೆಂಕಿಕಡ್ಡಿಯನ್ನೂ ಹಂಚಿದವರಲ್ಲ. ಅವರ ಪಾಲಿಗೆ ಹಂಚು ಎನ್ನುವುದು ಬರೀ ನಾಮಪದ. ಅದಕ್ಕೆ ಕ್ರಿಯಾಪದವಾಗುವ ಚಾಳಿಯೂ ಉಂಟು ಎಂದು ಅವರಿಗೆ ಗೊತ್ತಾದದ್ದು ೧೯೬೦ರ ಜನವರಿಯಲ್ಲಿ.

ಅವರ ಮನೆಗೆ ಹೋದವರು ಕೂರುವುದು ಒಂದು ಬೆಂಚಿನ ಮೇಲೆ. ಬೆಂಚಿಗೆ ಮೂರು ಕಾಲು, ನಾಲ್ಕನೆಯದು ಇಟ್ಟಿಗೆ. ಬಂದವರ ಕಣ್ಣು ಇಟ್ಟಿಗೆಯ ಕಡೆ ಹೊರಳಿತೋ, ಪೊರ್ಬುಗಳು ಕೆಮ್ಮಿ ಹೇಳುವರು, "ಸೋಫಾ ಗೋಡೌನಿನಲ್ಲಿ ಉಂಟು." ಚಹಾದ ಕಪ್ಪಿಗೆ ಹಿಡಿ ಇಲ್ಲದಿದ್ದರೆ, "ಟೀ ಸೆಟ್ಟು ಗೋಡೌನಿನಲ್ಲಿ ಉಂಟು." ಗಂಟೆ ಎಷ್ಟೆಂದು ಕೇಳಿದವರಿಗೂ ಅದೇ ಉತ್ತರ, ಏಕೆಂದರೆ ಗಡಿಯಾರವೂ ಅಲ್ಲೇ ಇತ್ತು. ಪಕ್ಕದ ಮನೆಯ ಡಾಲಿ ಬಾಯಿಗೆ ಆ ಗಡಿಯಾರವನ್ನೇ ಕೊಡುವುದಾಗಿ ಅವರು ಮಾತು ಕೊಟ್ಟು ಒಂಬತ್ತು ವರ್ಷವಾಗಿತ್ತು. ಜೆಪ್ಪುವಿನಲ್ಲಿ ಈ ಮಾತು ಎಷ್ಟು ಹಬ್ಬಿತ್ತೆಂದರೆ, ಶಾಲೆಯಲ್ಲಿ ಲೆಕ್ಕ ಬಾರದ ಮಕ್ಕಳಿಗೆ ಟೀಚರು "ನಿನ್ನ ಬುದ್ಧಿ ಗೋಡೌನಿನಲ್ಲಿ ಉಂಟಾ?" ಎಂದು ಕೇಳುತ್ತಿದ್ದರು.

ಗೋಡೌನಿನ ಚರಿತ್ರೆ ಇಷ್ಟೇ. ಪೊರ್ಬುಗಳ ಅಪ್ಪನ ತಮ್ಮ ಸಾಲ್ವದೋರ್ ಬಾಪ್ಪು ಕರಾಚಿಯಲ್ಲಿ ದೊಡ್ಡ ಕಂಪೆನಿಯಲ್ಲಿದ್ದರು. ಎಂತ ಕಂಪೆನಿ ಎಂದು ಯಾರೂ ಕೇಳಲಿಲ್ಲ, ದೊಡ್ಡದು ಎಂದ ಮೇಲೆ ಕೇಳಲು ಏನು ಉಳಿಯಿತು. ನಲವತ್ತಾರರಲ್ಲಿ ಬಾಪ್ಪು ತೀರಿಕೊಂಡಾಗ ಹಡಗಿನಲ್ಲಿ ಹನ್ನೊಂದು ಮರದ ಪೆಟ್ಟಿಗೆಗಳು ಬಂದಿಳಿದವು. ಮನೆಯಲ್ಲಿ ಜಾಗವಿಲ್ಲವೆಂದು ಕಾರ್ಖಾನೆಯ ಧಣಿಗಳು ಹೊಯಿಗೆ ಬಜಾರಿನ ಹಳೆಯ ಗೋಡೌನಿನ ಮೂಲೆಯಲ್ಲಿ ಇಡಲು ಬಿಟ್ಟರು. "ಒಂದೇ ತಿಂಗಳು ಸಾರ್" ಎಂದಿದ್ದರು ಪೊರ್ಬುಗಳು. ಆ ತಿಂಗಳು ಹದಿನಾಲ್ಕು ವರ್ಷ ಎಳೆಯಿತು. ಒಂದು ಪೆಟ್ಟಿಗೆಯ ಮೊಳೆಯನ್ನೂ ಅವರು ಕೀಳಲಿಲ್ಲ. ಯಾಕೆಂದರೆ ತೆರೆದ ಪೆಟ್ಟಿಗೆಯಲ್ಲಿ ಇರುವುದು ಮಾತ್ರ ಇರುತ್ತದೆ. ತೆರೆಯದ ಪೆಟ್ಟಿಗೆಯಲ್ಲಿ ಬೇಕಾದದ್ದೆಲ್ಲ ಇರುತ್ತದೆ. ಇಷ್ಟು ದೊಡ್ಡ ತತ್ವವನ್ನು ಕಂಡುಕೊಂಡ ಮನುಷ್ಯನಿಗೆ ಕಾರ್ಖಾನೆಯವರು ಪ್ರಮೋಷನ್ ಕೊಡದೆ ಇದ್ದದ್ದು ಅನ್ಯಾಯ.

ಮನೆಯ ಮುಂದೆ ಮೂರು ಮೆಟ್ಟಿಲು. ಉಳ್ಳಾಲದಿಂದ ದೋಣಿಯಲ್ಲಿ ಹೊಳೆ ದಾಟಿ ದಿನಾ ಮೀನು ತರುವ ಬಾಗಿ ಕೂರಬೇಕಾದದ್ದು ಕೆಳಗಿನ ಮೆಟ್ಟಿಲಿನಲ್ಲಿ. ಮೀನಿನ ವಾಸನೆ ಮೇಲೆ ಬರಬಾರದು ಎಂಬುದು ಪೊರ್ಬುಗಳ ಕಾನೂನು. ಮೀನು ಮಾತ್ರ ಮೂರೂ ಮೆಟ್ಟಿಲು ಹತ್ತಿ, ನಡುಮನೆ ದಾಟಿ, ಅವರ ಬಟ್ಟಲಿನವರೆಗೂ ಬರುತ್ತಿತ್ತು. ಅದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ.

ಆ ಜನವರಿಯಲ್ಲಿ ಮಗಳು ಬೆನಿಟಾಳ ಸಂಬಂಧದ ಮಾತು ನಡೆದಿತ್ತು. ಹುಡುಗ ಮೊರಿಸ್ ಪೋಸ್ಟಾಫೀಸಿನಲ್ಲಿ, ಅವನ ಅಪ್ಪ ಬಲ್ಮಠದ ಆಂಬ್ರೋಸ್ ಮಾಸ್ಟ್ರು. ಮಾಸ್ಟ್ರ ತೀರಿಹೋದ ಅಣ್ಣನೂ ಕರಾಚಿಯಲ್ಲಿ ಸಾಲ್ವದೋರ್ ಬಾಪ್ಪುವಿನ ಕಂಪೆನಿಯಲ್ಲೇ ಇದ್ದವರು, ಹಾಗಾಗಿ ಗುರುತು ಹಳೆಯದು. ಬೆನಿಟಾಳಿಗೆ ಇಪ್ಪತ್ತಾರು. ಮೊರಿಸ್ ಅವಳಿಗೆ, ಅವಳು ಮೊರಿಸನಿಗೆ ಒಪ್ಪಿಗೆಯಾಗಿ ಎರಡು ವರ್ಷ. ಮಾಸ್ಟ್ರು ಮಾತ್ರ ಒಂದೇ ಹಟ ಹಿಡಿದಿದ್ದರು. "ಆ ಗೋಡೌನಿನ ಪೆಟ್ಟಿಗೆಗಳನ್ನು ಮೊದಲು ತೆರೆಯಿರಿ ಪಿಯುಸ್. ಒಳಗೆ ಎಂತ ಉಂಟು ನೋಡುವ. ಆಮೇಲೆ ಮದುವೆಯ ಮಾತು."

"ನೋಡು, ಬಾಯಲ್ಲಿ ನೀರು ಸುರೀತದೆ ಮಾಸ್ಟ್ರಿಗೆ," ಎಂದು ಪೊರ್ಬುಗಳು ಹೆಂಡತಿ ನೆಲ್ಲಿ ಬಾಯಿಯ ಹತ್ತಿರ ಹೆಮ್ಮೆಯಿಂದ ಹೇಳಿದರು.

"ಸುರಿದ ನೀರನ್ನು ಒರೆಸಲಿಕ್ಕೆ ಬಟ್ಟೆಯೂ ಗೋಡೌನಿನಲ್ಲಿ ಇರಬೇಕಲ್ಲ," ಎಂದರು ನೆಲ್ಲಿ ಬಾಯಿ.

ಹೀಗಿರುವಾಗ ಒಂದು ಮಂಗಳವಾರ ಬಾಗಿಯ ಜತೆ ಅವಳ ಅಣ್ಣ ಸೇಸಪ್ಪನೂ ಬಂದ. ಅವನು ಮೀನುಗಾರರ ಸಹಕಾರ ಸಂಘದ ಕಾರ್ಯದರ್ಶಿ. ಕೈಯಲ್ಲಿ ಕಾಗದವಿತ್ತು. ಕೆಳಗಿನ ಮೆಟ್ಟಿಲಿನ ಬುಡದಲ್ಲಿ ನಿಂತೇ ಹೇಳಿದ, "ಪೊರ್ಬುಗಳೇ, ಹೊಯಿಗೆ ಬಜಾರಿನ ಗೋಡೌನನ್ನು ಧಣಿಗಳು ನಮ್ಮ ಸಂಘಕ್ಕೆ ಕೊಟ್ಟಿದ್ದಾರೆ. ಬಲೆ ಇಡಲಿಕ್ಕೆ. ನಿಮ್ಮ ಸೋಫಾ, ಟೀ ಸೆಟ್ಟು, ಗಡಿಯಾರ ಎಲ್ಲ ನಾಳೆ ಸಂಜೆಯ ಒಳಗೆ ತೆಗೀಬೇಕು."

ಇನ್ನೊಂದು ತಿಂಗಳು ಕೇಳಲು ಪೊರ್ಬುಗಳು ಬಾಯಿ ತೆರೆದರು. ಆದರೆ ಡಾಲಿ ಬಾಯಿ ಗೋಡೆಯಾಚೆ ಸೊಪ್ಪು ಕೊಯ್ಯುವ ನೆಪದಲ್ಲಿ ಬಗ್ಗಿದ್ದರು. ಕೇಳುವವರಿದ್ದಾಗ ಪೊರ್ಬುಗಳ ಬಾಯಿ ಅವರ ಮಾತನ್ನು ಕೇಳುತ್ತಿರಲಿಲ್ಲ. "ತೆಗೀತೇನೆ ಸೇಸಪ್ಪ. ತೆಗೆದು ನನಗೆ ಬೇಕಾದದ್ದು ಇಟ್ಟುಕೊಂಡು ಉಳಿದದ್ದನ್ನೆಲ್ಲ ನಿಮ್ಮ ಬಡವರಿಗೇ ದಾನ ಮಾಡ್ತೇನೆ," ಎಂದುಬಿಟ್ಟರು.

"ನಾವು ಕೇಳ್ಲಿಲ್ಲ ಪೊರ್ಬುಗಳೇ."

"ಕೇಳದೆ ಕೊಡುವುದೇ ದಾನ ಮಾರಾಯ," ಎಂದು ಹೇಳಿ ಪೊರ್ಬುಗಳು ಅದೇ ಸಂಜೆ ಇಗರ್ಜಿಯ ನೋಟೀಸು ಹಲಗೆಗೆ ಸ್ವಂತ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿ ಬಂದರು: ಪಿಯುಸ್ ಅವರ ಕರಾಚಿಯ ಸೊತ್ತು, ಉಳ್ಳಾಲದ ಬಡ ಮೀನುಗಾರರಿಗೆ ದಾನ.

ಬುಧವಾರ ಮೂರು ಎತ್ತಿನ ಗಾಡಿಗಳಲ್ಲಿ ಪೆಟ್ಟಿಗೆಗಳು ಜೆಪ್ಪುವಿಗೆ ಮೆರವಣಿಗೆ ಬಂದವು. ಜನ ಅಂಗಡಿ ಬಿಟ್ಟು ಬೀದಿಗೆ ಬಂದು ನಿಂತರು. "ಸೋಫಾ ಇದ್ರೆ ಪೆಟ್ಟಿಗೆ ಇನ್ನೂ ಉದ್ದ ಬೇಕಲ್ಲ?" ಎಂದು ಒಬ್ಬ. "ಕರಾಚಿ ಸೋಫಾ, ಮಡಚ್ತದೆ," ಎಂದು ಇನ್ನೊಬ್ಬ. ಡಾಲಿ ಬಾಯಿ ಗಡಿಯಾರ ಹೊರಲು ಗೋಣಿಚೀಲವನ್ನೇ ತಂದಿದ್ದರು. ಪೊರ್ಬುಗಳು ಎಲ್ಲರಿಗೂ ಕೈಮುಗಿದು ಬಾಗಿಲು ಹಾಕಿ, ಒಳಗಿನಿಂದ ಚಿಲಕ ಜಡಿದು, ಹಾರೆ ಹಿಡಿದರು.

ಮೊದಲ ಪೆಟ್ಟಿಗೆಯಲ್ಲಿ ಹುಲ್ಲು. ಹುಲ್ಲಿನ ಕೆಳಗೆ ಒಂದು ಕಪ್ಪು ಬೂಟು, ಕನ್ನಡಿಯಂತೆ ಹೊಳೆಯುವುದು. ಪೊರ್ಬುಗಳ ಮುಖವೂ ಹೊಳೆಯಿತು. ಎರಡನೆಯ ಬೂಟು, ಮೂರನೆಯದು. ಅವರು ಬಗ್ಗಿ ಜೋಡಿ ಕೂಡಿಸಲು ಕುಳಿತರು. ಕೂಡಲಿಲ್ಲ. ಎರಡನೆಯ ಪೆಟ್ಟಿಗೆ ಒಡೆದರು, ಐದನೆಯದು ಒಡೆದರು. ಬೂಟುಗಳು ಮೊಣಕಾಲಿನವರೆಗೆ ಬಂದು ನಿಂತವು. ಎಲ್ಲದರ ಮೂತಿಯೂ ಒಂದೇ ಕಡೆಗೆ ಸೊಟ್ಟ.

"ಕೇಳಿದಿರಾ," ಎಂದರು ನೆಲ್ಲಿ ಬಾಯಿ ತಣ್ಣಗೆ, "ನಿಮ್ಮ ಬಾಪ್ಪುವಿಗೆ ಬಲಗಾಲು ಇರಲಿಲ್ಲವಾ?"

ಹನ್ನೊಂದನೆಯ ಪೆಟ್ಟಿಗೆಯ ತಳದಲ್ಲಿ ಕಂಪೆನಿಯ ಕಾಗದ ಸಿಕ್ಕಿತು. ಅಂಗಡಿ ಅಂಗಡಿಗೆ ಹೋಗಿ ತೋರಿಸುವ ಮಾದರಿ ಬೂಟುಗಳು, ಒಟ್ಟು ಮುನ್ನೂರ ಹನ್ನೆರಡು. ಕಳ್ಳರು ಕದ್ದರೂ ಉಪಯೋಗವಾಗದ ಹಾಗೆ ಎಡಗಾಲಿನವು ಮಾತ್ರ. ಬಲಗಾಲಿನವು ಬೇರೊಬ್ಬ ಏಜೆಂಟರ ವಶದಲ್ಲಿ. ಬಾಪ್ಪು ಇದ್ದದ್ದು ದೊಡ್ಡ ಕಂಪೆನಿಯೇ, ಆದರೆ ಅದರ ಒಂದು ಕಾಲಿನಲ್ಲಿ.

ಬೆನಿಟಾ ಬಂದು ನೋಡಿದಳು. ನಗಲಿಲ್ಲ. "ಆದಿತ್ಯವಾರ ಮಾಸ್ಟ್ರು ಬರ್ತಾರೆ ಪಪ್ಪಾ," ಎಂದಳು, ಅಷ್ಟೇ. ಆ ಅಷ್ಟೇ ಪೊರ್ಬುಗಳಿಗೆ ಮುನ್ನೂರ ಹನ್ನೆರಡು ಒದೆಗಳ ಹಾಗೆ ತಗಲಿತು. ಆದಿತ್ಯವಾರದ ಒಳಗೆ ಇವೆಲ್ಲ ಮನೆಯಿಂದ ಮಾಯವಾಗಬೇಕು. ಒಳ್ಳೆಯದನ್ನೆಲ್ಲ ದಾನ ಮಾಡಿಬಿಟ್ಟೆ ಎಂದರೆ ಮಾಸ್ಟ್ರು ಮರುಗಿ ಗೌರವಿಸಿಯಾರು. ಎಡಗಾಲುಗಳನ್ನು ನೋಡಿದರೆ ನಗೆಯಲ್ಲೇ ಸಂಬಂಧ ಮುರಿದೀತು.

ಮರುದಿನ ಬಾಗಿ ಬಂದಾಗ ಪೊರ್ಬುಗಳು ಅವಳನ್ನು ಹಿತ್ತಿಲಿಗೆ ಕರೆದರು. ದಿನಾ ಅವಳ ಹತ್ತಿರ ತುಳುವಿನಲ್ಲಿ ಮಾತನಾಡುವವರು, ಅಂದು ಕನ್ನಡಕ್ಕೆ ಇಳಿದರು. ಜೆಪ್ಪುವಿನ ಗೋಡೆಗಳಿಗೆ ಕೊಂಕಣಿಯೂ ತುಳುವೂ ಚೆನ್ನಾಗಿ ಬರುತ್ತದೆ, ಕನ್ನಡ ಆಫೀಸಿನ ಭಾಷೆಯಾದ್ದರಿಂದ ಗುಟ್ಟಿಗೆ ಅದೇ ಭದ್ರ ಎಂಬುದು ಅವರ ಎಣಿಕೆ.

"ಬಾಗೀ, ಇದೆಲ್ಲ ಎಡದ್ದು. ಪೂರಾ ಎಡ. ಬಲದ್ದು ನನ್ನಲ್ಲಿ ಒಂದೂ ಇಲ್ಲ. ನೀನು ಉಳ್ಳಾಲದಲ್ಲಿ ಮನೆಮನೆಗೆ ಹಂಚು. ಆದಿತ್ಯವಾರದವರೆಗೆ ಇಲ್ಲಿ ಯಾರಿಗೂ ಗೊತ್ತಾಗಬಾರದು."

"ನಮ್ಮವರಿಗೆ ಎಡವೂ ಇಲ್ಲ, ಬಲವೂ ಇಲ್ಲ ಪೊರ್ಬುಗಳೇ. ಹುಟ್ಟಿದಂದಿನಿಂದ ಬರಿಗಾಲು."

"ಹಾಗಾದ್ರೆ ಎಡದಿಂದ ಶುರು ಮಾಡಲಿ. ಬಲ ಆಮೇಲೆ ಬಂದೀತು."

ಗೋಡೆಯಾಚೆ ಡಾಲಿ ಬಾಯಿಯ ಕೈಯಿಂದ ಸೊಪ್ಪಿನ ಕತ್ತಿ ಕೆಳಗೆ ಬಿತ್ತು. ಡಾಲಿ ಬಾಯಿಗೆ ಕನ್ನಡ ಬರುತ್ತಿತ್ತು, ಆದರೆ ಅದು ಪೂರ್ತಿ ಪತ್ರಿಕೆಯಿಂದ ಕಲಿತ ಕನ್ನಡ. ಎಡಗಾಲಿಗೆ ಅವರ ಬಾಯಲ್ಲಿ ಕೊಂಕಣಿ ಶಬ್ದವಿತ್ತು. ಎಡ ಎಂಬ ಕನ್ನಡ ಶಬ್ದವನ್ನು ಅವರು ಪತ್ರಿಕೆಯಲ್ಲಿ ಓದಿದ್ದು ಒಂದೇ ಅರ್ಥದಲ್ಲಿ: ಎಡಪಕ್ಷ, ಎಡಪಂಥ, ಎಡದವರ ಕೈವಾಡ. ಹಿಂದಿನ ವರ್ಷವಷ್ಟೇ ಕೇರಳದಲ್ಲಿ ಗಲಾಟೆಯಾಗಿ, ಆ ಗಾಳಿ ಚಂದ್ರಗಿರಿ ಹೊಳೆ ದಾಟದಿರಲೆಂದು ಇಗರ್ಜಿಯಲ್ಲಿ ಜಪಸರ ತಿರುಗಿಸಿದವರು ಅವರು. ಈಗ ಆ ಗಾಳಿ ಹೊಳೆ ದಾಟಿ, ಪಕ್ಕದ ಹಿತ್ತಿಲಿಗೆ ಬಂದು, ಮೀನಿನ ಬುಟ್ಟಿ ಹತ್ತುತ್ತಿತ್ತು.

"ಹದಿನಾಲ್ಕು ವರ್ಷ ಗೋಡೌನಿನಲ್ಲಿ ಇದನ್ನೇ ಬಚ್ಚಿಟ್ಟಿದ್ದ ಮನುಷ್ಯ," ಎಂದು ಅವರು ಮಧ್ಯಾಹ್ನದ ಒಳಗೆ ಏಳು ಮನೆಗಳಲ್ಲಿ ಹೇಳಿ ಮುಗಿಸಿದರು. "ನನಗೆ ಗಡಿಯಾರ ಅಂತ ಹೇಳಿದ್ದ. ಟಿಕ್ ಟಿಕ್ ಎನ್ನುವ ವಸ್ತು ಗಡಿಯಾರ ಒಂದೇ ಅಲ್ಲ ನೋಡಿ."

ಇತ್ತ ಶುಕ್ರವಾರ ಸೇಸಪ್ಪ ಸಂಘದ ದೋಣಿ ತಂದು ಬೂಟುಗಳನ್ನು ಗೋಣಿಯಲ್ಲಿ ಕಟ್ಟಿ ಸಾಗಿಸಿದ. ಪೊರ್ಬುಗಳು ಸುಮ್ಮನೆ ಕೊಟ್ಟಾರೆಯೇ. ನೋಟೀಸು ಹಲಗೆಗೆ ಪುರಾವೆ ಬೇಡವೇ. ಆಫೀಸಿನ ಕನ್ನಡದಲ್ಲಿ ಎರಡು ಪ್ರತಿ ಬರೆದರು: ಮುನ್ನೂರ ಹನ್ನೆರಡು ನಗಗಳನ್ನು ಸ್ವಸಂತೋಷದಿಂದ, ಮರಳಿ ಕೇಳುವ ಯಾವ ಹಕ್ಕನ್ನೂ ಉಳಿಸಿಕೊಳ್ಳದೆ, ಈ ಮೂಲಕ ದಾನ ಕೊಟ್ಟಿರುತ್ತೇನೆ. ಬೂಟು ಎಂಬ ಶಬ್ದ ಬರೆದರೆ ಎಷ್ಟು ಜೋಡಿ ಎಂದು ಯಾರಾದರೂ ಕೇಳಿಯಾರೆಂದು ಬರೀ ನಗ, ಅಂದರೆ ಬಿಡಿ ವಸ್ತು, ಎಂದರು. ಒಂದು ಪ್ರತಿ ಸೇಸಪ್ಪನಿಗೆ, ಒಂದು ಇಗರ್ಜಿಗೆ. ಗೋಣಿಗಳು ಹೋಗುವ ಮೊದಲು, ಕೆಳಗಿನ ಮೆಟ್ಟಿಲಿನಲ್ಲಿದ್ದ ಬಾಗಿಗೆ ಕಾಣದು ಎಂದುಕೊಂಡು, ಕಪ್ಪು ಬಣ್ಣದ ಏಳನೇ ನಂಬರಿನ ಒಂದು ಬೂಟನ್ನು ಮಾತ್ರ ಹಾಸಿಗೆಯ ಕೆಳಗೆ ತಳ್ಳಿದರು. ಎಲ್ಲಾದರೂ ಒಂದು ಬಲಗಾಲಿನದ್ದು ಸಿಕ್ಕಿದರೆ ಮಗಳ ಮದುವೆಗೆ ಆದೀತು ಎಂದು. ಅವರಿಗೆ ಇದ್ದದ್ದು ಆಫೀಸಿನ ಚಪ್ಪಲಿ ಮಾತ್ರ, ಅದರ ಒಂದು ಬಾರು ಬೇರೆ ಕಿತ್ತಿತ್ತು.

ಆದಿತ್ಯವಾರ ಪೂಜೆಯಲ್ಲಿ ಪಾದ್ರಿಗಳು ಕಡೆಯ ತೀರ್ಪಿನ ದಿನದ ಪ್ರಸಂಗ ಮಾಡಿದರು. ಬಲಗಡೆ ನಿಂತವರಿಗೆ ಸ್ವರ್ಗ, ಎಡಗಡೆ ನಿಂತವರಿಗೆ ಬೆಂಕಿ. ಎಡ ಎಂದಾಗಲೆಲ್ಲ ಅವರ ಬೆರಳು ಪೊರ್ಬುಗಳ ಬೆಂಚಿನತ್ತ ಚಾಚುತ್ತಿತ್ತು. ಇವರಿಗೆ ಬೂಟಿನ ಸಂಗತಿ ಹೇಗೆ ತಿಳಿಯಿತು ಎಂದು ಪೊರ್ಬುಗಳು ತಮ್ಮ ಕಾಲುಗಳನ್ನೇ ನೋಡಿಕೊಂಡರು. ಪಶ್ಚಾತ್ತಾಪವೆಂದರೆ ಹೀಗಿರಬೇಕು ಎಂದು ಪಾದ್ರಿಗಳಿಗೂ ತೃಪ್ತಿಯಾಯಿತು.

ಮಧ್ಯಾಹ್ನ ಮಾಸ್ಟ್ರಿಗಿಂತ ಮೊದಲು ಇನ್ನೊಬ್ಬರು ಬಂದರು. ಪಂಚೆ, ಕೊಡೆ, ಹೆಗಲಿಗೆ ಶಾಲು, ಮತ್ತು ಇವೆಲ್ಲದರ ಕೆಳಗೆ ಪೊಲೀಸ್ ಬೂಟು. ಮಫ್ತಿಯ ಮೋಹನದಾಸ್ ಎಂದರೆ ಊರಿಗೆಲ್ಲ ಗೊತ್ತು. ಬೆಂಚಿನ ಇಟ್ಟಿಗೆಯ ತುದಿಯಲ್ಲಿ ಕೂತು ಅವರು ಪುಸ್ತಕ ತೆರೆದರು.

"ನೇರ ಕೇಳ್ತೇನೆ ಪಿಯುಸ್. ಎಡ ಅಂತ ಸುದ್ದಿ. ಹೌದಾ ಅಲ್ಲವಾ?"

ಪೊರ್ಬುಗಳು ಆ ಬೂಟುಗಳ ಮೇಲಿಂದ ಕಣ್ಣು ತೆಗೆಯಲಾರದೆ ಹೋದರು. ಎಡದ್ದೂ ಇತ್ತು, ಬಲದ್ದೂ ಇತ್ತು. "ಹೌದು ಸಾರ್," ಎಂದರು ಸೋತ ದನಿಯಲ್ಲಿ. "ಮೆಲ್ಲ ಮಾತಾಡಿ. ಬೀಗರು ಬರುವ ಹೊತ್ತು."

"ಎಷ್ಟು ಸಮಯದಿಂದ?"

"ಹದಿನಾಲ್ಕು ವರ್ಷದಿಂದ. ಆದರೆ ನನಗೆ ಗೊತ್ತಾದದ್ದು ಮೊನ್ನೆ ಬುಧವಾರ."

ಇಂಥ ಉತ್ತರವನ್ನು ಮೋಹನದಾಸರು ಇಡೀ ನೌಕರಿಯಲ್ಲಿ ಕೇಳಿರಲಿಲ್ಲ. "ಒಟ್ಟು ಎಷ್ಟು?"

"ಮುನ್ನೂರ ಹನ್ನೆರಡು."

"ಎಲ್ಲ ಎಡ? ಸಂಶಯ ಇಲ್ಲವಾ?"

"ಒಂದೊಂದನ್ನೂ ನಾನೇ ಒಳಗೆ ಕೈ ಹಾಕಿ ನೋಡಿದ್ದೇನೆ ಸಾರ್."

ಪೆನ್ಸಿಲು ಒಂದು ಕ್ಷಣ ನಿಂತು ಮುಂದೆ ಹೋಯಿತು. "ಕೆಂಪು ಎಷ್ಟು?"

"ಹೆಚ್ಚಿನವು ಕಪ್ಪು. ಕೆಲವು ಕಂದು. ಕೆಂಪು ಒಂದೇ ಒಂದು, ಅದು ಹೆಂಗಸರದ್ದು."

"ಹೆಂಗಸರೂ ಇದ್ದಾರಾ? ಈಗ ಎಲ್ಲಿ?"

"ಉಳ್ಳಾಲಕ್ಕೆ ಕಳಿಸಿದೆ. ಗೋಣಿಯಲ್ಲಿ ಕಟ್ಟಿ."

ಮೋಹನದಾಸರು ಎದ್ದೇ ನಿಂತರು. ಅವರು ಎದ್ದದ್ದಕ್ಕೆ ಇಟ್ಟಿಗೆ ಜಾರಿ ಬೆಂಚು ಉರುಳಿತು. "ಹಿಂದಿನಿಂದ ನಡೆಸುವವರು ಯಾರು? ಹೆಸರು ಹೇಳಿ."

"ಬಾಪ್ಪು. ಕರಾಚಿಯಲ್ಲಿ," ಎಂದರು ಪೊರ್ಬುಗಳು. "ಬಲದ್ದು ಬೇರೆ ಏಜೆಂಟರ ಕೈಯಲ್ಲಿ ಉಂಟಂತೆ. ಅವರ ಹೆಸರು ಗೊತ್ತಿಲ್ಲ."

ಕರಾಚಿ, ಏಜೆಂಟು. ಮೋಹನದಾಸರ ಕಣ್ಣ ಮುಂದೆ ಹವಾಲ್ದಾರಗಿರಿ ತೇಲಿಬಂತು. ಅವರು ಪೊರ್ಬುಗಳ ತೋಳು ಹಿಡಿದರು. ನೆಲ್ಲಿ ಬಾಯಿ ಅಡುಗೆಮನೆಯಿಂದ ಸೌಟು ಸಮೇತ ಬಂದರು. ಗೋಡೆಯಾಚೆ ಡಾಲಿ ಬಾಯಿ ಶಿಲುಬೆಯ ಗುರುತು ಮಾಡಿಕೊಂಡರು. ಬೆನಿಟಾ ಕಿಟಕಿಯ ಹತ್ತಿರ ಇದ್ದವಳು, "ಮಾಸ್ಟ್ರು ಬಂದರು," ಎಂದು ಹೇಳಿ ಅಲ್ಲೇ ಕೂತುಬಿಟ್ಟಳು. ಎರಡು ವರ್ಷದ ಒಪ್ಪಿಗೆ ಆ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಮುಗಿಯುವುದೆಂದು ಅವಳಿಗೆ ಖಾತ್ರಿಯಾಗಿತ್ತು.

ಆಂಬ್ರೋಸ್ ಮಾಸ್ಟ್ರು ಒಳಗೆ ಬಂದು ಉರುಳಿದ ಬೆಂಚನ್ನೂ, ಹಿಡಿದ ತೋಳನ್ನೂ ನೋಡಿದರು. "ಎಂತ ಇದು?"

"ನಿಮ್ಮ ಬೀಗರು ಎಡ," ಎಂದರು ಮೋಹನದಾಸ್. "ಒಪ್ಪಿಕೊಂಡಿದ್ದಾರೆ. ಮುನ್ನೂರ ಹನ್ನೆರಡೂ ಎಡ."

ಮಾಸ್ಟ್ರ ಕೈಯಿಂದ ಊರುಗೋಲು ಜಾರಿತು. ಪೊರ್ಬುಗಳು ಕಣ್ಣು ಮುಚ್ಚಿದರು. ಆದರೆ ಬೈಗುಳ ಬರಲಿಲ್ಲ. ಮಾಸ್ಟ್ರು ಹತ್ತಿರ ಬಂದು, ಅವರ ಇನ್ನೊಂದು ತೋಳು ಹಿಡಿದು, ಪ್ರೀತಿಯಿಂದ ಕೇಳಿದರು, "ಪಿಯುಸ್, ನಂಬರು ಐದರಿಂದ ಹನ್ನೊಂದರವರೆಗೆ? ಹಿಮ್ಮಡಿಯಲ್ಲಿ ಸಣ್ಣ ನಕ್ಷತ್ರ ಉಂಟಾ?"

"ಉಂಟು," ಎಂದರು ಪೊರ್ಬುಗಳು ಕಣ್ಣು ಬಿಟ್ಟು.

ಮಾಸ್ಟ್ರು ಉರುಳಿದ ಬೆಂಚಿನ ಮೇಲೇ ಕೂತರು. "ಬಲದ್ದು ನನ್ನ ಮನೆಯಲ್ಲಿ. ಅಣ್ಣ ಕಳಿಸಿದ್ದು. ಮೊರಿಸನ ಕೋಣೆ ನೆಲದಿಂದ ಮಾಡಿನವರೆಗೆ ಬಲಗಾಲು. ಹುಡುಗ ಹದಿನಾಲ್ಕು ವರ್ಷದಿಂದ ಅಡುಗೆಮನೆಯಲ್ಲಿ ಮಲಗ್ತಾನೆ. ಕೋಣೆ ರಿಪೇರಿಯಲ್ಲಿ ಉಂಟು ಅಂತ ಎಲ್ಲರ ಹತ್ತಿರ ಹೇಳ್ತಾ ಬಂದೆ. ಸೊಸೆಯನ್ನು ತಂದು ಎಲ್ಲಿ ಇರಿಸ್ಲಿ? ನಿಮ್ಮ ಪೆಟ್ಟಿಗೆಯಲ್ಲಿ ಎಡದ್ದು ಇರಬಹುದು ಅಂತ ಸಂಶಯ ಇತ್ತು. ಇಲ್ಲದಿದ್ದರೆ ನನ್ನ ಮರ್ಯಾದೆ ಹೋಗ್ತದಲ್ಲ, ಅದಕ್ಕೆ ಬಾಯಿ ಬಿಡಲಿಲ್ಲ."

ಆಗ ಬೂಟು ಎಂಬ ಶಬ್ದ ಆ ಮನೆಯಲ್ಲಿ ಮೊದಲ ಸಲ ಸ್ಪಷ್ಟವಾಗಿ ಉಚ್ಚಾರವಾಯಿತು. ಮೋಹನದಾಸರು ಪುಸ್ತಕದ ನಾಲ್ಕು ಹಾಳೆಗಳನ್ನು ನಿಧಾನಕ್ಕೆ ಹರಿದು ಜೇಬಿಗೆ ಹಾಕಿಕೊಂಡರು. ಗೋಡೆಯಾಚೆ ಸೊಪ್ಪು ಕೊಯ್ಯುವ ಶಬ್ದ ನಿಂತಿತು.

ಮನುಷ್ಯನ ಸ್ವಭಾವ ನೋಡಿ. ಒಂದು ಗಳಿಗೆಯ ಹಿಂದೆ ಜೈಲು ತಪ್ಪಿದರೆ ಸಾಕು ಎಂದಿದ್ದ ಪೊರ್ಬುಗಳಿಗೆ, ಬಲಗಾಲಿನ ಸುದ್ದಿ ಕಿವಿಗೆ ಬಿದ್ದ ಕೂಡಲೇ ಎಡಗಾಲಿನ ಮೇಲೆ ಮೋಹ ಮರಳಿತು. ಮುನ್ನೂರ ಹನ್ನೆರಡು ಜೋಡಿ. ಪೂರ್ತಿ ಒಂದು ಅಂಗಡಿ. ಮಾಸ್ಟ್ರನ್ನೂ ಮೋಹನದಾಸರನ್ನೂ ಎಳೆದುಕೊಂಡು ಅವರು ಹೊಯಿಗೆ ಬಜಾರಿಗೆ ಓಡಿದರು.

ಗೋಡೌನಿನಲ್ಲಿ ಸಂಘದವರು ಬಲೆ ಹರವಿಕೊಂಡು ಕೂತಿದ್ದರು. ಉಳ್ಳಾಲಕ್ಕೆ ಹೋಗಬೇಕಾದ ಗೋಣಿಗಳೂ ಅಲ್ಲೇ ಇಳಿದಿದ್ದವು. ಕೆಲವು ಬೂಟುಗಳಿಗೆ ಆಗಲೇ ಕೆಲಸ ಸಿಕ್ಕಿತ್ತು. ಒಂದರಿಂದ ದೋಣಿಯ ನೀರು ಮೊಗೆಯುತ್ತಿದ್ದರು. ಒಂದರಲ್ಲಿ ಬಲೆಯ ಸೂಜಿಗಳು. ಒಣಮೀನಿನ ಚಪ್ಪರಕ್ಕೆ ಕಾಗೆಗಳನ್ನು ಹೆದರಿಸಲು ಹತ್ತಾರು ತೂಗುಬಿದ್ದಿದ್ದವು. ಹನ್ನೊಂದನೇ ನಂಬರಿನದ್ದರಲ್ಲಿ ಬಾಗಿ ಬಸಳೆ ನೆಟ್ಟಿದ್ದಳು.

"ಸೇಸಪ್ಪ, ಅದನ್ನು ಹಿಂದೆ ಕೊಡು," ಎಂದರು ಪೊರ್ಬುಗಳು ಏದುಸಿರಿನಲ್ಲಿ. "ಅದಕ್ಕೆ ಜೋಡಿ ಸಿಕ್ಕಿತು."

"ಸಂತೋಷ. ಜೋಡಿಯನ್ನೂ ತನ್ನಿ."

"ಜೋಡಿಯಾದ ಮೇಲೆ ದಾನ ಹೇಗೆ ಮಾರಾಯ? ಒಂಟಿ ಇದ್ದಾಗ ಕೊಟ್ಟದ್ದು."

ಸೇಸಪ್ಪ ಸೂಜಿ ಕೆಳಗಿಟ್ಟ. "ಒಂದು ಕಾಲಿನದ್ದಾದರೆ ದಾನ, ಎರಡೂ ಕಾಲಿನದ್ದಾದರೆ ಸೊತ್ತು. ಹಾಗಾ ಪೊರ್ಬುಗಳೇ? ದೊಡ್ಡವರ ದಾನ ನಮ್ಮ ಊರಿಗೆ ಬರುವಾಗ ಯಾಕೆ ಯಾವಾಗಲೂ ಕುಂಟ್ತದೆ ಅಂತ ನನಗೆ ಸಣ್ಣದರಿಂದ ಸಂಶಯ ಇತ್ತು. ಹರಿದ ಕೋಟು ಬರ್ತದೆ, ತೂತಿನ ಕೊಡೆ ಬರ್ತದೆ. ಈಗ ಎಡಗಾಲು ಬಂತು." ಅವನು ಮಡಚಿದ ಕಾಗದ ತೆಗೆದು ಮೋಹನದಾಸರಿಗೆ ಕೊಟ್ಟ. "ನೀವು ಓದಿ ಸಾರ್. ಅಕ್ಷರ ಅವರದ್ದೇ."

ಮೋಹನದಾಸರು ಕೋರ್ಟಿನ ದನಿಯಲ್ಲಿ ಓದಿದರು. ಮರಳಿ ಕೇಳುವ ಯಾವ ಹಕ್ಕನ್ನೂ ಉಳಿಸಿಕೊಳ್ಳದೆ ಎಂಬಲ್ಲಿ ಎರಡು ಸಲ ಓದಿದರು. ಅಷ್ಟು ಚಂದದ ಕನ್ನಡಕ್ಕೆ ಪೊರ್ಬುಗಳು ಮೊದಲ ಸಲ ಮರುಗಿದರು.

"ಬಲದ್ದನ್ನು ನಾನು ನಾಳೆಯೇ ಕಳಿಸ್ತೇನೆ," ಎಂದರು ಮಾಸ್ಟ್ರು. "ಗಾಡಿ ನೀವೇ ತನ್ನಿ. ನನಗೆ ಕೋಣೆ ಬೇಕು, ಮಗನಿಗೆ ಮದುವೆ ಮಾಡಬೇಕು."

"ಇನ್ನೊಂದು ವಿಷಯ ಉಂಟು ಪೊರ್ಬುಗಳೇ," ಎಂದ ಸೇಸಪ್ಪ. "ಕಾಗದದಲ್ಲಿ ಮುನ್ನೂರ ಹನ್ನೆರಡು. ನಮಗೆ ಬಂದದ್ದು ಮುನ್ನೂರ ಹನ್ನೊಂದು."

ಆ ಸಂಜೆ ಬಾಗಿ ಜೆಪ್ಪುವಿಗೆ ಬಂದು, ಕೆಳಗಿನ ಮೆಟ್ಟಿಲಿನಲ್ಲಿ ಕೂತು, "ಬಾಯಮ್ಮ, ಹಾಸಿಗೆಯ ಕೆಳಗೆ ಸ್ವಲ್ಪ ನೋಡಿ," ಎಂದಳು. ನೆಲ್ಲಿ ಬಾಯಿ ಏಳನೇ ನಂಬರನ್ನು ತಂದು ಬುಟ್ಟಿಗೆ ಹಾಕಿದರು.

ಫೆಬ್ರವರಿಯ ಎರಡನೇ ವಾರ ಮದುವೆಯಾಯಿತು. ಬೆನಿಟಾ ಸೀರೆಯ ಸೆರಗಿನಲ್ಲಿ ನಗು ಮುಚ್ಚಿಕೊಳ್ಳಲು ಸೋತು ಬಿಟ್ಟುಬಿಟ್ಟಿದ್ದಳು, ಮೊರಿಸ್ ಬಿಟ್ಟ ಬಾಯಿ ಮುಚ್ಚಿರಲಿಲ್ಲ. ಮನೆಯ ಮುಂದಿನ ಚಪ್ಪರದಲ್ಲಿ ಬ್ಯಾಂಡು ಶುರುವಾಗುವ ಮೊದಲೇ ಬೀದಿಯ ತುದಿಯಿಂದ ಬೇರೊಂದು ಸದ್ದು ಕೇಳಿತು, ಟಕ್ ಟಕ್ ಟಕ್. ಉಳ್ಳಾಲದವರು ಬರುತ್ತಿದ್ದರು. ಕಟ್ಟಿದ್ದು ಪಂಚೆ, ಉಟ್ಟದ್ದು ಸೀರೆ, ಕಾಲಲ್ಲಿ ಕನ್ನಡಿಯಂಥ ಬೂಟು, ಎಡದ್ದು ಬಲದ್ದು ಎರಡೂ. ಬಾಗಿ ಕೆಂಪು ಬೂಟು ತೊಟ್ಟು ಮುಂದೆ ಇದ್ದಳು. ಮೊದಲ ಮೆಟ್ಟಿಲಿನಲ್ಲಿ ಅಭ್ಯಾಸಬಲದಿಂದ ಒಂದು ಗಳಿಗೆ ನಿಂತಳು. ಆಮೇಲೆ ಟಕ್ ಎಂದು ಎರಡನೆಯದು, ಟಕ್ ಎಂದು ಮೂರನೆಯದು ಹತ್ತಿ, ನಡುಮನೆಗೆ ಹೋಗಿ, ಬೆಂಚಿನ ಇಟ್ಟಿಗೆ ಇಲ್ಲದ ತುದಿಯಲ್ಲಿ ಕೂತಳು.

ಅದನ್ನು ತಡೆಯಬೇಕಾಗಿದ್ದ ಪೊರ್ಬುಗಳು ಬಾಗಿಲ ಬಳಿಯೇ ಇದ್ದರು. ಆದರೆ ಮುಂದೆ ಹೆಜ್ಜೆ ಇಡುವ ಹಾಗಿರಲಿಲ್ಲ. ಎರವಲು ತಂದ ಕರಿ ಕೋಟು, ಟೈ, ಇಸ್ತ್ರಿಯ ಪ್ಯಾಂಟು ಎಲ್ಲ ಸರಿಯಿತ್ತು. ಚಪ್ಪಲಿಯ ಇನ್ನೊಂದು ಬಾರು ಬೆಳಿಗ್ಗೆ ಇಗರ್ಜಿಯ ಅಂಗಳದಲ್ಲಿ ಕಿತ್ತುಹೋಗಿತ್ತು. ಅವರು ಒಂದು ದೊಡ್ಡ ಹೂಕುಂಡದ ಹಿಂದೆ ನಿಂತು ಬಂದವರಿಗೆಲ್ಲ ಕೈಕುಲುಕುತ್ತಿದ್ದರು.

ಮಾಸ್ಟ್ರ ತಂಗಿ ಎಸ್ತೆರ್ ಬಾಯಿಗೆ ಹೂವೆಂದರೆ ಇಷ್ಟ. ಮೂಸಲೆಂದು ಬಗ್ಗಿದವರು ಹಾಗೇ ನಿಂತುಬಿಟ್ಟರು. "ಮದುಮಗಳ ಅಪ್ಪ ಬರಿಗಾಲಾ? ನಿಮ್ಮ ಬೂಟು ಎಲ್ಲಿ?" ಎಂದು ಬ್ಯಾಂಡಿಗಿಂತ ಜೋರಾಗಿ ಕೇಳಿದರು.

ಪೊರ್ಬುಗಳು ಕೆಮ್ಮಿದರು.

"ಗೋಡೌನಿನಲ್ಲಿ ಉಂಟು," ಎಂದರು.

ಜೆಪ್ಪು ಪೂರ್ತಿ ನಕ್ಕಿತು. ಡಾಲಿ ಬಾಯಿ ಗೋಡೆ ಹಿಡಿದು ನಕ್ಕರು. ಆದರೆ ಒಳಗೆ ಬೆಂಚಿನ ಮೇಲಿದ್ದ ಬಾಗಿ ಮಾತ್ರ ತಲೆಯಾಡಿಸಿ, ಸಾಕ್ಷಿ ಹೇಳುವವಳ ಹಾಗೆ, "ಹೌದು," ಎಂದಳು. "ಏಳನೇ ನಂಬರು. ಈ ಸಲ ನಿಜವಾಗಿಯೂ ಉಂಟು."